ಅಲ್ಪ ಬೆಲೆಯ ಕಾರು: ಕನ್ನಡನಾಡಿನ ಒಂದು ಅಪೂರ್ಣ ಉದ್ಯಮದ ಚರಿತ್ರೆ

ಯಾವ ವಸ್ತುವನ್ನು ಒಂದು ನಾಡು ತಾನೇ ಕಲ್ಪಿಸಿ, ತಾನೇ ನಿರ್ಮಿಸಿ, ತನ್ನ ಸಾಮಾನ್ಯ ಪ್ರಜೆಯ ಕೈಗೆಟಕುವ ಬೆಲೆಗೆ ಒದಗಿಸಬಲ್ಲದೋ ಆ ವಸ್ತುವಿನ ಮಟ್ಟಿಗೆ ಆ ನಾಡು ಸ್ವಾವಲಂಬಿಯೆಂದು ಹೇಳುವುದು ನ್ಯಾಯ. ಈ ಮೂರರಲ್ಲಿ ಒಂದು ಕಡಿಮೆಯಾದರೂ ಸ್ವಾವಲಂಬನೆಯೆಂಬ ಮಾತು ಸಭಾಭಾಷಣಕ್ಕೆ ಸಲ್ಲಬಹುದೇ ಹೊರತು ಚರಿತ್ರೆಗೆ ಸಲ್ಲದು. ಸಾಬೂನು, ರೇಷ್ಮೆ, ಗಂಧದೆಣ್ಣೆ, ಉಕ್ಕು, ಕೈಗಡಿಯಾರ, ವಿಮಾನ ಇವೆಲ್ಲವೂ ಕನ್ನಡನಾಡಿನ ಕಾರ್ಖಾನೆಗಳಿಂದ ಹೊರಬಂದುವು. ಆದರೆ ನಾಲ್ಕು ಜನರ ಒಂದು ಸಂಸಾರವು ಕುಳಿತು ಹೋಗಬಹುದಾದ, ಹೊಲ ಮಾರದೆ ಕೊಳ್ಳಬಹುದಾದ ಒಂದು ಚಿಕ್ಕ ಕಾರಿಗೆ ನಾವೇ ನಕ್ಷೆ ಬರೆದು, ನಾವೇ ಕಟ್ಟಿ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ರಸ್ತೆಗೆ ಇಳಿಸಿದ ಕೀರ್ತಿ ಮಾತ್ರ ನಮ್ಮದಾಗಲಿಲ್ಲ. ಪ್ರಯತ್ನವೇ ನಡೆಯಲಿಲ್ಲವೆಂದಲ್ಲ. ಸುಮಾರು ಎಂಬತ್ತು ವರ್ಷಗಳ ಅವಧಿಯಲ್ಲಿ ಪ್ರಯತ್ನಗಳು ಮತ್ತೆ ಮತ್ತೆ ನಡೆದುವು. ಅವುಗಳಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ, ಸಾಹಸಕ್ಕೂ ಇರಲಿಲ್ಲ. ಹಾಗಿದ್ದೂ ಅವು ಏಕೆ ಅರ್ಧದಾರಿಯಲ್ಲಿ ನಿಂತುವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇಂತಹ ವಿಚಾರವನ್ನು ಬೆಂಗಳೂರಿನಲ್ಲಿ ಕುಳಿತು ಮಾಡುವುದಕ್ಕಿಂತ ಆಳಂದ ತಾಲ್ಲೂಕಿನ ನರೋಣಾದಂತಹ ಊರಿನಿಂದ ಮಾಡುವುದರಲ್ಲಿ ಒಂದು ಅನುಕೂಲವುಂಟು. ಕಾರ್ಖಾನೆಯ ಸಮೀಪದಲ್ಲಿರುವವನಿಗೆ ಕಾರು ಹೇಗೆ ತಯಾರಾಯಿತೆಂಬುದು ಮೊದಲು ಕಾಣುತ್ತದೆ. ದೂರದಲ್ಲಿರುವವನಿಗೆ ಅದು ಯಾರಿಗಾಗಿ ತಯಾರಾಯಿತೆಂಬುದು ಮೊದಲು ಕಾಣುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ನೆಲ ಬಹುಮಟ್ಟಿಗೆ ಎರೆ. ತೊಗರಿಗೂ ಜೋಳಕ್ಕೂ ಅದು ಅನ್ನಪೂರ್ಣೆ, ಚಕ್ರಕ್ಕೆ ಮಾತ್ರ ಮಳೆಗಾಲದಲ್ಲಿ ಶತ್ರು. ಬೇಸಗೆಯಲ್ಲಿ ಬಿರಿದು ಬಾಯ್ದೆರೆಯುವ ಆ ಮಣ್ಣು ಆಷಾಢದಲ್ಲಿ ನೀರು ಕುಡಿದು ಉಬ್ಬಿ, ತನ್ನ ಮೇಲೆ ಹಾಸಿದ ಡಾಂಬರನ್ನೇ ಎತ್ತಿ ಒಡೆಯಬಲ್ಲುದು. ಈ ಸೀಮೆಯ ಒಕ್ಕಲಿಗನು ಚಿಕ್ಕ ಕಾರೊಂದರಿಂದ ಏನನ್ನು ಬಯಸುತ್ತಾನೆಂಬ ಪ್ರಶ್ನೆಯನ್ನು ಕನ್ನಡನಾಡಿನ ಕಾರುಗಳ ಚರಿತ್ರೆಯ ಪಕ್ಕದಲ್ಲಿ ಇಟ್ಟುಕೊಂಡೇ ಮುಂದುವರಿಯೋಣ.

ಈ ಭಾಗದಲ್ಲಿ ಮೋಟಾರು ವಾಹನವು ಸಾಮಾನ್ಯ ಜನರ ಬಳಕೆಗೆ ಬಂದುದು ಖಾಸಗಿ ಒಡೆತನದ ಕಾರಿನ ರೂಪದಲ್ಲಿ ಅಲ್ಲ, ಸರ್ಕಾರಿ ಬಸ್ಸಿನ ರೂಪದಲ್ಲಿ. ಕಲಬುರಗಿ ಜಿಲ್ಲೆಯು ಆಗ ಹೈದರಾಬಾದು ಸಂಸ್ಥಾನದೊಳಗಿತ್ತು. ಆ ಸಂಸ್ಥಾನದ ನಿಜಾಮ್ ಸ್ಟೇಟ್ ರೈಲ್ವೆಯು ತನ್ನ ರಸ್ತೆ ಸಾರಿಗೆ ವಿಭಾಗವನ್ನು 1932 ರಲ್ಲಿ 27 ಬಸ್ಸುಗಳಿಂದಲೂ 166 ಮಂದಿ ನೌಕರರಿಂದಲೂ ಪ್ರಾರಂಭಿಸಿತು; ಸರ್ಕಾರದ ಆಡಳಿತದಲ್ಲಿ ಬಸ್ಸುಗಳನ್ನು ನಡೆಸುವ ವ್ಯವಸ್ಥೆ ಭಾರತದಲ್ಲಿ ಮೊದಲಿಗೆ ನೆಲೆಗೊಂಡ ಕಡೆಗಳಲ್ಲಿ ಅದೂ ಒಂದು. 1948 ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956 ರ ನವೆಂಬರ್ 1 ರಂದು ಕಲಬುರಗಿಯು ವಿಶಾಲ ಮೈಸೂರಿನ ಭಾಗವಾದ ಮೇಲೆ, ಬಸ್ಸಿನ ಹೆಸರು ಬದಲಾಯಿತು, ಬಣ್ಣ ಬದಲಾಯಿತು. 2000 ದಲ್ಲಿ ಕಲಬುರಗಿಯನ್ನೇ ಕೇಂದ್ರವಾಗಿ ಉಳ್ಳ ಈಶಾನ್ಯ ಸಾರಿಗೆ ಸಂಸ್ಥೆ ಹುಟ್ಟಿ, 2021 ರಲ್ಲಿ ಅದು ಕಲ್ಯಾಣ ಕರ್ನಾಟಕದ ಹೆಸರನ್ನು ತಳೆಯಿತು. ಹೀಗೆ ಇಲ್ಲಿಯ ಜನರ ಅನುಭವದಲ್ಲಿ ಮೋಟಾರು ಎಂಬುದು ಹತ್ತಾರು ಜನ ಹಂಚಿಕೊಳ್ಳುವ ಸೌಕರ್ಯವಾಗಿಯೇ ಬೆಳೆಯಿತು.

ಈ ಭಾಗಕ್ಕೆ ಬಸ್ಸು ಮೊದಲು ಬಂದ ಕಾಲದಲ್ಲಿಯೇ ಹಳೆಯ ಮೈಸೂರಿನಲ್ಲಿ ಮೋಟಾರು ಬೇರೊಂದು ಕನಸಾಗಿ ಮೂಡಿತು. ಕೊಳ್ಳುವವರ ನಾಡಾಗಿರುವುದಕ್ಕಿಂತ ತಯಾರಿಸುವವರ ನಾಡಾಗಬೇಕೆಂಬ ಆ ಕನಸಿಗೆ ಕರ್ತೃವಾದವರು ಸರ್ ಎಂ. ವಿಶ್ವೇಶ್ವರಯ್ಯನವರು. 1912 ರಿಂದ 1918 ರವರೆಗೆ ದಿವಾನರಾಗಿ, ತರುವಾಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದ ಕೆಸರಿನಿಂದ ಎತ್ತಿ ನಿಲ್ಲಿಸಿ, 1934 ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥವನ್ನೇ ಬರೆದ ಆ ಮಹನೀಯರು, ವಯಸ್ಸು ಎಪ್ಪತ್ತನ್ನು ದಾಟಿದ ಮೇಲೆ, 1935 ರಲ್ಲಿ ಯುರೋಪು ಅಮೆರಿಕಗಳಿಗೆ ಹೋಗಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು, ಭಾರತದಲ್ಲಿ ಕಾರು ಮತ್ತು ಲಾರಿಗಳನ್ನು ತಯಾರಿಸುವ ಕಾರ್ಖಾನೆಯೊಂದಕ್ಕೆ ಸವಿವರವಾದ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹಿರಾಚಂದರು ಅದನ್ನು ಕೈಗೆತ್ತಿಕೊಂಡರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಸಹಾನುಭೂತಿ ತೋರಿತು. ಆದರೆ 1939 ರ ಕೊನೆಯಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆಯಿತ್ತು ಹೊರಬಂದಿತು, ಯುದ್ಧ ಬಂದಿತು, ದೆಹಲಿಯ ಆಂಗ್ಲ ಸರ್ಕಾರದಿಂದ ಬೇಕಾಗಿದ್ದ ಪ್ರೋತ್ಸಾಹವು ಬರಲಿಲ್ಲ. ಕಾರಿನ ಕಾರ್ಖಾನೆಗೆ ಬದಲಾಗಿ ಬೆಂಗಳೂರಿಗೆ ಬಂದುದು ವಿಮಾನದ ಕಾರ್ಖಾನೆ: ಅದೇ ವಾಲಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ 1940 ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಮೋಟಾರು ಸಂಸ್ಥೆಯಾದ ಪ್ರೀಮಿಯರ್ ಆಟೋಮೊಬೈಲ್ಸ್ 1944 ರಲ್ಲಿ ಹುಟ್ಟಿದುದು ಮುಂಬಯಿಯಲ್ಲಿ. ಯುದ್ಧಕ್ಕೆ ವಿಮಾನ ಬೇಕಾಗಿತ್ತು. ಪ್ರಜೆಗೆ ಕಾರು ಬೇಕೆಂಬ ಮಾತನ್ನು ಕೇಳುವ ವ್ಯವಧಾನ ಆಳುವವರಿಗೆ ಇರಲಿಲ್ಲ.

ವಿಶ್ವೇಶ್ವರಯ್ಯನವರು ಪಾಶ್ಚಾತ್ಯ ದೇಶಗಳಲ್ಲಿ ನೋಡಿದ ಉದ್ಯಮದ ಮೂಲತತ್ತ್ವವನ್ನು ಇಲ್ಲಿ ಒಂದಿಷ್ಟು ವಿವರಿಸುವುದು ಅವಶ್ಯಕ. ಏಕೆಂದರೆ ಮುಂದಿನ ಕಥೆಯೆಲ್ಲವೂ ಅದರ ಮೇಲೆಯೇ ನಿಂತಿದೆ. ಹೆನ್ರಿ ಫೋರ್ಡನ ಟಿ ಮಾದರಿಯ ಕಾರು 1908 ರಲ್ಲಿ ಹೊರಬಂದಾಗ ಅದರ ಬೆಲೆ 850 ಡಾಲರು. 1920 ರ ದಶಕದ ನಡುವಿಗೆ ಅದರ ಅತ್ಯಂತ ಸರಳವಾದ ರೂಪವು 300 ಡಾಲರಿಗಿಂತಲೂ ಕಡಿಮೆಗೆ ದೊರೆಯುತ್ತಿತ್ತು. 1927 ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಒಂದೂವರೆ ಕೋಟಿ ಕಾರುಗಳು ಹೊರಬಿದ್ದಿದ್ದುವು. ಕಾರಿನ ಮೈಯನ್ನು ಉಕ್ಕಿನ ತಗಡಿನಿಂದ ಒತ್ತಿ ತೆಗೆಯುವ ಅಚ್ಚುಗಳಿಗೂ ಯಂತ್ರಗಳಿಗೂ ಮೊದಲಿಗೆ ಅಪಾರವಾದ ಹಣವನ್ನು ಸುರಿಯಬೇಕು; ಸುರಿದ ಮೇಲೆ ಬಾಗಿಲೊಂದನ್ನು ಒತ್ತಲು ಬೇಕಾದುದು ಕೆಲವೇ ಕ್ಷಣ. ಹತ್ತು ಕಾರು ಮಾಡಿದರೆ ಆ ಅಚ್ಚಿನ ವೆಚ್ಚವು ಒಂದೊಂದು ಕಾರನ್ನೂ ರಾಜರ ಒಡವೆಯನ್ನಾಗಿಸುತ್ತದೆ. ಹತ್ತು ಲಕ್ಷ ಮಾಡಿದರೆ ಅದೇ ವೆಚ್ಚವು ಗಣನೆಗೆ ಬಾರದಷ್ಟು ತೆಳುವಾಗಿ ಹಂಚಿಹೋಗುತ್ತದೆ. ಅಂದಮೇಲೆ ಕಾರಿನ ಅಗ್ಗವು ನಿಶ್ಚಯವಾಗುವುದು ನಕ್ಷೆಯ ಮೇಜಿನ ಮೇಲೆ ಮಾತ್ರವಲ್ಲ, ಎಷ್ಟು ಸಂಖ್ಯೆಯಲ್ಲಿ ತಯಾರಿಸುವ ಧೈರ್ಯವೂ ಬಂಡವಾಳವೂ ಉಂಟೆಂಬುದರ ಮೇಲೆ.

ಇದಕ್ಕೆ ಜೊತೆಯಾಗಿ ನೆನೆಯಬೇಕಾದ ಇನ್ನೊಂದು ತತ್ತ್ವವುಂಟು. 1930 ರ ದಶಕದಲ್ಲಿ ಫ್ರಾನ್ಸಿನ ಸಿತ್ರೋಎನ್ ಕಂಪನಿಯ ಪಿಯೇರ್ ಬೂಲಾಂಜೆ ತನ್ನ ಎಂಜಿನಿಯರರ ಮುಂದೆ ಇಟ್ಟ ಬೇಡಿಕೆ ಇದು: ಇಬ್ಬರು ಒಕ್ಕಲಿಗರನ್ನೂ ಐವತ್ತು ಕಿಲೋ ಆಲೂಗಡ್ಡೆಯನ್ನೂ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಒಯ್ಯಬೇಕು, ನೂರು ಕಿಲೋಮೀಟರಿಗೆ ಮೂರು ಲೀಟರಿಗಿಂತ ಹೆಚ್ಚು ಪೆಟ್ರೋಲು ಕುಡಿಯಬಾರದು, ಬುಟ್ಟಿಯಲ್ಲಿ ಮೊಟ್ಟೆಯಿಟ್ಟು ಉತ್ತ ಹೊಲದ ಮೇಲೆ ನಡೆಸಿದರೆ ಒಂದು ಮೊಟ್ಟೆಯೂ ಒಡೆಯಬಾರದು. 1948 ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದಾಗ ನಾಗರಿಕರು ನೋಡಿ ನಕ್ಕ ಆ ಕಾರು 1990 ರವರೆಗೆ 38 ಲಕ್ಷಕ್ಕೂ ಮೀರಿ ತಯಾರಾಯಿತು. ಫೋರ್ಡನಿಂದ ಸಂಖ್ಯೆಯ ಪಾಠ, ಬೂಲಾಂಜೆಯಿಂದ ಬಳಸುವವನ ಬದುಕನ್ನು ಮೊದಲು ನೋಡುವ ಪಾಠ: ಚಿಕ್ಕ ಕಾರಿನ ಶಾಸ್ತ್ರದಲ್ಲಿ ಇವೆರಡೂ ಆದ್ಯ ಸೂತ್ರಗಳು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶವು ಈ ಎರಡು ಸೂತ್ರಗಳಿಗೂ ವಿಮುಖವಾದ ಮಾರ್ಗವನ್ನು ಹಿಡಿಯಿತು. 1951 ರ ಕೈಗಾರಿಕಾ ಕಾಯಿದೆಯಿಂದ ಯಾವನು ಏನನ್ನು ಎಷ್ಟು ತಯಾರಿಸಬೇಕೆಂಬುದು ಪರವಾನಗಿಗೆ ಅಧೀನವಾಯಿತು. 1953 ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಇಲ್ಲಿಯೇ ಬಿಡಿಭಾಗಗಳನ್ನು ತಯಾರಿಸುವ ಸಂಕಲ್ಪವಿಲ್ಲದೆ ಕೇವಲ ಜೋಡಿಸುತ್ತಿದ್ದ ಪರದೇಶೀ ಕಂಪನಿಗಳು ಜಾಗ ಬಿಟ್ಟುವು. ಉಳಿದವು ಕಲ್ಕತ್ತೆಯ ಬಳಿಯ ಹಿಂದೂಸ್ತಾನ್ ಮೋಟರ್ಸ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಅವರ ಕಾರುಗಳಾದರೋ ಕ್ರಮವಾಗಿ ಇಂಗ್ಲೆಂಡಿನ ಮಾರಿಸ್, ಇಟಲಿಯ ಫಿಯೆಟ್, ಇಂಗ್ಲೆಂಡಿನದೇ ಆದ ಟ್ರಯಂಫ್ ಇವುಗಳ ಪಡಿಯಚ್ಚುಗಳು. ಕಾರು ಭೋಗವಸ್ತುವೆಂಬ ಭಾವನೆ ಅಧಿಕಾರಿಗಳಲ್ಲಿ ಬಲವಾಗಿದ್ದುದರಿಂದ ತಯಾರಿಕೆಯ ಸಂಖ್ಯೆಯನ್ನು ಏರಿಸಗೊಡಲಿಲ್ಲ. ಸಂಖ್ಯೆ ಏರದುದರಿಂದ ಬೆಲೆ ಇಳಿಯಲಿಲ್ಲ. ಬೆಲೆ ಇಳಿಯದುದರಿಂದ ಕಾರು ಭೋಗವಸ್ತುವಾಗಿಯೇ ಉಳಿಯಿತು. ಮುಂಗಡ ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ಗೌರವಸ್ಥರ ಸಂಪ್ರದಾಯವಾಯಿತು. 1959–60 ರಲ್ಲಿ ಎಲ್. ಕೆ. ಝಾ ಅವರ ಅಧ್ಯಕ್ಷತೆಯ ಸಮಿತಿಯು ಅಲ್ಪ ಬೆಲೆಯ ಕಾರಿನ ತಯಾರಿಕೆಯನ್ನು ಸೂಚಿಸಿತಾದರೂ ಆ ಸೂಚನೆ ಬಹುಕಾಲ ಕಡತದೊಳಗೇ ಉಳಿಯಿತು.

ಸಮಿತಿಗಳ ಕೈಯಲ್ಲಿ ಆಗದುದನ್ನು ಬೆಳಗಾವಿಯ ನೆರೆಯ ಇಚಲಕರಂಜಿಯಲ್ಲಿ ಒಬ್ಬನೇ ಒಬ್ಬ ಗೃಹಸ್ಥನು ಮಾಡಲು ಹೊರಟನು. ಮಗ್ಗಗಳ ಊರಾದ ಅಲ್ಲಿಯ ಶಂಕರರಾವ್ ಕುಲಕರ್ಣಿಯವರು 1949 ರಲ್ಲಿಯೇ ಎರಡು ಆಸನದ ಪುಟ್ಟ ಕಾರೊಂದನ್ನು ಸಿದ್ಧಪಡಿಸಿದರು. ‘ಮೀರಾ’ ಎಂದು ಅದಕ್ಕೆ ಹೆಸರು. ಯಂತ್ರಶಾಸ್ತ್ರದ ಪದವಿಯಿಲ್ಲದ ಆ ಸ್ವಯಂಶಿಕ್ಷಿತ ಶಿಲ್ಪಿಯು ಮುಂದಿನ ಕಾಲು ಶತಮಾನದಲ್ಲಿ ಒಂದಾದ ಮೇಲೊಂದು ಮಾದರಿಯನ್ನು ತಿದ್ದಿ, ಎಂಜಿನನ್ನು ಹಿಂಬದಿಗಿಟ್ಟು, ಉಕ್ಕಿನ ಸ್ಪ್ರಿಂಗಿನ ಬದಲಿಗೆ ರಬ್ಬರನ್ನು ಅಳವಡಿಸಿ, 1975 ರ ವೇಳೆಗೆ 12,000 ರೂಪಾಯಿಗೆ ಮಾರಬಹುದೆಂದು ಎಣಿಸಿದ ಒಂದು ಕಾರನ್ನು ರಸ್ತೆಯ ಮೇಲೆ ಓಡಿಸಿ ತೋರಿಸಿದರು. ಪರವಾನಗಿಯೂ ಬಂಡವಾಳವೂ ಕೂಡಿಬರದೆ ಆ ಕಾರು ಮಾದರಿಯಾಗಿಯೇ ಉಳಿಯಿತು. ಕುಶಲತೆಯು ಎಷ್ಟು ದೂರ ಹೋಗಬಲ್ಲದು, ಎಲ್ಲಿ ಅದು ನಿಲ್ಲಲೇಬೇಕಾಗುತ್ತದೆ ಎಂಬುದಕ್ಕೆ ಮೀರಾ ಕಾರಿಗಿಂತ ಉತ್ತಮವಾದ ನಿದರ್ಶನವಿಲ್ಲ.

ಇತ್ತ ಬೆಂಗಳೂರಿನ ನೆಲವು ಯಂತ್ರಕೌಶಲಕ್ಕೆ ಹದವಾಗುತ್ತ ಬಂದಿದ್ದಿತು. ವಿಮಾನದ ಕಾರ್ಖಾನೆಯ ಹಿಂದೆಯೇ 1948 ರಲ್ಲಿ ದೂರವಾಣಿಯ ಐಟಿಐ, 1951 ರಲ್ಲಿ ಮೋಟಾರಿನ ಸ್ಪಾರ್ಕ್ ಪ್ಲಗ್ಗು ಮತ್ತು ಇಂಧನದ ಪಂಪುಗಳನ್ನು ತಯಾರಿಸುವ ಮೈಕೊ, 1953 ರಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ ಎಚ್‌ಎಂಟಿ ಬಂದುವು. 1961 ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಮೋಟಾರು ಸೈಕಲ್ಲುಗಳನ್ನು ಹೊರತರುತ್ತಿತ್ತು. ಲೇತಿನ ಮುಂದೆ ನಿಂತು ಕೂದಲೆಳೆಯ ಅಳತೆಯನ್ನು ಕಣ್ಣಳತೆಯಲ್ಲಿಯೇ ಹೇಳಬಲ್ಲ ಕೆಲಸಗಾರರು ಒಂದು ತಲೆಮಾರಿನಲ್ಲಿ ಸಿದ್ಧರಾಗಿದ್ದರು. ಕಾರೊಂದು ಅಲ್ಲಿ ಹುಟ್ಟದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಹುಟ್ಟಿದುದು ‘ಬಾದಲ್’. 1970 ರ ದಶಕದ ನಡುಗಾಲದಲ್ಲಿ ಬೆಂಗಳೂರಿನ ಸನ್‌ರೈಸ್ ಸಂಸ್ಥೆಯು, ಅಂದರೆ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರಾದ ಸಂಸ್ಥೆಯು, ಮುಂದೆ ಒಂದು ಹಿಂದೆ ಎರಡು ಹೀಗೆ ಮೂರು ಚಕ್ರಗಳ, ಗಾಜಿನ ನಾರಿನಿಂದ ಮಾಡಿದ ಫೈಬರ್‌ಗ್ಲಾಸ್ ಮೈಯ, ಹಿಂಬದಿಯಲ್ಲಿ 198 ಸಿಸಿ ಎಂಜಿನನ್ನು ಹೊತ್ತ ಈ ವಿಚಿತ್ರ ವಾಹನವನ್ನು ಮಾರುಕಟ್ಟೆಗೆ ತಂದಿತು. ನೋಡಿದವರು ಅದನ್ನು ಕಾರೆನ್ನಬೇಕೋ ಆಟೋ ಎನ್ನಬೇಕೋ ತಿಳಿಯದೆ ತಬ್ಬಿಬ್ಬಾದರೆಂದರೆ ಅವರ ತಪ್ಪಲ್ಲ. ಆದರೆ ಆ ವಿಚಿತ್ರ ರೂಪದ ಹಿಂದೆ ಒಂದು ಖಚಿತವಾದ ಲೆಕ್ಕಾಚಾರವಿತ್ತು. ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳಿಗೆ ಬೇಕಾದ ಹಣವು ಒಬ್ಬ ಸಾಧಾರಣ ಉದ್ಯಮಿಯ ಶಕ್ತಿಗೆ ಮೀರಿದುದು. ಫೈಬರ್‌ಗ್ಲಾಸಿಗಾದರೋ ಅಷ್ಟು ದುಬಾರಿಯಾದ ಅಚ್ಚು ಬೇಡ, ದೈತ್ಯ ಯಂತ್ರ ಬೇಡ. ಒಂದು ಅಚ್ಚಿನೊಳಗೆ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ರಾಳವನ್ನು ಸವರಿ, ಒಣಗಿದ ಮೇಲೆ ಬಿಡಿಸಿ ತೆಗೆದರೆ ಕಾರಿನ ಮೈ ಸಿದ್ಧ. ಕಡಿಮೆ ಬಂಡವಾಳದಲ್ಲಿ ಕಾರಿನ ಉದ್ಯಮವನ್ನು ಆರಂಭಿಸಲು ಇದಕ್ಕಿಂತ ಸುಲಭೋಪಾಯವಿಲ್ಲ.

ಈ ಉಪಾಯದ ಹೊಟ್ಟೆಯೊಳಗೇ ಅದರ ಅಪಾಯವೂ ಅಡಗಿದ್ದಿತು. ಫೈಬರ್‌ಗ್ಲಾಸಿನ ಮೈ ಕೈಗೆಲಸದಿಂದ ಆಗತಕ್ಕದ್ದು. ಮೊದಲನೆಯ ಕಾರಿಗೆ ಹಿಡಿದಷ್ಟೇ ಹೊತ್ತು ಹೆಚ್ಚುಕಡಿಮೆ ಸಾವಿರನೆಯದಕ್ಕೂ ಹಿಡಿಯುತ್ತದೆ. ಸಂಖ್ಯೆ ಹೆಚ್ಚಿದಂತೆ ವೆಚ್ಚ ಇಳಿಯುವ ಫೋರ್ಡನ ಸೂತ್ರವು ಅಲ್ಲಿ ಫಲಿಸದು. ಅಲ್ಪ ಬಂಡವಾಳದಿಂದ ಕಟ್ಟಬಹುದಾದ ಕಾರು ಬೇರೆ, ಅಲ್ಪ ಬೆಲೆಗೆ ಕೊಳ್ಳಬಹುದಾದ ಕಾರು ಬೇರೆ. ಮೊದಲನೆಯದು ತಯಾರಕನ ಬಡತನಕ್ಕೆ ಪರಿಹಾರ, ಎರಡನೆಯದು ಕೊಳ್ಳುವವನ ಬಡತನಕ್ಕೆ ಪರಿಹಾರ. ಬೆಂಗಳೂರಿನ ಕಾರುಗಳ ಇತಿಹಾಸವೆಲ್ಲವೂ ಈ ಎರಡರ ನಡುವಣ ಅಂತರದಲ್ಲಿಯೇ ಸಿಕ್ಕಿಕೊಂಡಿತೆಂಬುದು ನನ್ನ ಅಭಿಪ್ರಾಯ.

ಬಾದಲಿಗೆ ಮುಂದೆ ನಾಲ್ಕನೆಯ ಚಕ್ರವೂ ಬಂದಿತು. 1982 ರಲ್ಲಿ ಸಿಪಾನಿಯವರು ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರನ್ನು ಆಧರಿಸಿ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ, 848 ಸಿಸಿ ಎಂಜಿನಿನ ಕಾರನ್ನು ಹೊರತಂದರು. ಮೈ ಫೈಬರ್‌ಗ್ಲಾಸಿನದೇ, ಹಗುರವಾಗಿದ್ದುದರಿಂದ ಮದರಾಸಿನ ಬಳಿಯ ಶೋಲಾವರಂ ಪಂದ್ಯಗಳಲ್ಲಿ ಅದು ಒಳ್ಳೆಯ ಹೆಸರು ಗಳಿಸಿತು. ನಕ್ಷೆ ಪರದೇಶದ್ದಾದರೂ ಚಿಕ್ಕ ಕಾರನ್ನು ನಮ್ಮಲ್ಲಿಯೇ ಮಾಡಿ ಮಾರಬಹುದೆಂಬ ವಿಶ್ವಾಸವನ್ನು ಡಾಲ್ಫಿನ್ ಹುಟ್ಟಿಸುವಷ್ಟರಲ್ಲಿ, 1983 ರ ಡಿಸೆಂಬರ್ 14 ರಂದು ಗುರುಗಾಂವಿನಿಂದ ಮಾರುತಿ 800 ಹೊರಬಂದಿತು. ಅದರ ಪೂರ್ವಕಥೆ ಸರ್ವವಿದಿತ: 1971 ರಲ್ಲಿ ಸಂಜಯ ಗಾಂಧಿಯವರ ನೇತೃತ್ವದಲ್ಲಿ ಸಂಪೂರ್ಣ ಸ್ವದೇಶೀ ಚಿಕ್ಕ ಕಾರಿನ ಹೆಸರಿನಲ್ಲಿ ಹುಟ್ಟಿದ ಮಾರುತಿ ಕಂಪನಿಯು ಕಾರನ್ನು ಜನರ ಕೈಗೆ ಕೊಡಲಾರದೆ ಮುಳುಗಿತು, 1981 ರಲ್ಲಿ ಸರ್ಕಾರವೇ ಮಾರುತಿ ಉದ್ಯೋಗ್ ಎಂಬ ಹೊಸ ಸಂಸ್ಥೆಯನ್ನು ಸ್ಥಾಪಿಸಿ, ಮರುವರ್ಷ ಜಪಾನಿನ ಸುಜುಕಿಯೊಡನೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ ಒಂದು ಲಕ್ಷ ವಾಹನಗಳ ಗುರಿ, ಉಕ್ಕಿನ ಮೈ, ನಾಲ್ಕು ಬಾಗಿಲು, ಐವತ್ತು ಸಾವಿರ ರೂಪಾಯಿಯ ಆಸುಪಾಸಿನ ಬೆಲೆ: ಇದರ ಮುಂದೆ ಕೈಯಿಂದ ಮೈ ಕಟ್ಟುವ ಡಾಲ್ಫಿನ್ ಎಷ್ಟು ದಿನ ಬಾಳೀತು? 1987 ರಲ್ಲಿ ಹೆಚ್ಚು ಬಾಗಿಲುಗಳ ‘ಮೊಂಟಾನಾ’ ಬಂದಿತು, 1990 ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮೊಂಟೆಗೋವನ್ನು ಜೋಡಿಸಿ ಮಾರುವ ಯತ್ನವೂ ನಡೆಯಿತು. ಆ ದಶಕ ಮುಗಿಯುವುದರೊಳಗಾಗಿ ಸಿಪಾನಿಯ ಕಾರುಗಳು ನೆನಪಾದುವು.

ಈ ಅಧ್ಯಾಯ ಮುಗಿಯುತ್ತಿದ್ದಾಗಲೇ ಅದೇ ನಗರದಲ್ಲಿ ಇನ್ನೊಂದು ಅಧ್ಯಾಯವು ತೆರೆಯುತ್ತಿತ್ತು. ಕಾರ್ಖಾನೆಗಳೊಳಗೆ ಸರಕು ಸಾಗಿಸುವ ಬ್ಯಾಟರಿಯ ಬಂಡಿಗಳನ್ನೂ ಸೂಕ್ಷ್ಮ ಯಂತ್ರಭಾಗಗಳನ್ನೂ ತಯಾರಿಸುತ್ತಿದ್ದ ಸುದರ್ಶನ ಮೈನಿಯವರ ಮಗನಾದ ಚೇತನ್ ಮೈನಿ, 1970 ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ವಿದ್ಯಾರ್ಥಿಗಳು ಕಟ್ಟಿದ ಸೌರಕಾರಿನ ತಂಡದಲ್ಲಿದ್ದರು. ಆ ಕಾರು 1990 ರಲ್ಲಿ ಅಮೆರಿಕದ ಸೌರಕಾರುಗಳ ಪಂದ್ಯದಲ್ಲಿ ಪ್ರಥಮಸ್ಥಾನವನ್ನೂ ಆಸ್ಟ್ರೇಲಿಯದ ವಿಶ್ವ ಪಂದ್ಯದಲ್ಲಿ ತೃತೀಯಸ್ಥಾನವನ್ನೂ ಪಡೆಯಿತು. ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ಓದಿ, ಕ್ಯಾಲಿಫೋರ್ನಿಯದ ಅಮೆರಿಗಾನ್ ಎಂಬ ಕಂಪನಿಯಲ್ಲಿ ವಿದ್ಯುತ್ ವಾಹನಗಳ ಮೇಲೆ ಕೆಲಸ ಮಾಡಿ, ಆ ಕಂಪನಿಯ ಸಹಯೋಗದಿಂದ 1994 ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಬೆಂಗಳೂರಿನಲ್ಲಿ ನೆಲೆಗೊಳಿಸುವುದರಲ್ಲಿ ಅವರು ಪ್ರಮುಖರಾದರು. ಏಳು ವರ್ಷಗಳ ತಯಾರಿಯ ತರುವಾಯ 2001 ರಲ್ಲಿ ‘ರೇವಾ’ ಬೆಂಗಳೂರಿನ ಬೀದಿಗಿಳಿಯಿತು. ವಿದ್ಯುತ್ತಿನ ಕಾರೆಂದರೆ ಜಗತ್ತಿನ ದೊಡ್ಡ ಕಂಪನಿಗಳೂ ಕೈ ಹಾಕಿ ಹಿಂದೆಗೆದಿದ್ದ ಕಾಲವದು.

ರೇವಾ ನಿಜವಾಗಿಯೂ ಚಿಕ್ಕದು. ಉದ್ದ ಸುಮಾರು 2.6 ಮೀಟರು, ಬಾಗಿಲು ಎರಡು, ಮುಂದೆ ಇಬ್ಬರು ದೊಡ್ಡವರಿಗೂ ಹಿಂದೆ ಇಬ್ಬರು ಮಕ್ಕಳಿಗೂ ಸ್ಥಳ. ಆಸನದ ಕೆಳಗೆ ಆರಾರು ವೋಲ್ಟಿನ ಎಂಟು ಸೀಸ-ಆಮ್ಲದ ಬ್ಯಾಟರಿಗಳು, ಒಟ್ಟು 48 ವೋಲ್ಟು. ಮನೆಯ ಸಾಧಾರಣ ಸಾಕೆಟ್ಟಿಗೆ ಸಿಕ್ಕಿಸಿ ರಾತ್ರಿಯೆಲ್ಲ ಬಿಟ್ಟರೆ ಬೆಳಗಿಗೆ 80 ಕಿಲೋಮೀಟರಿನಷ್ಟು ಓಡುವ ಶಕ್ತಿ. ಪರಮ ವೇಗ ಗಂಟೆಗೆ 65 ಕಿಲೋಮೀಟರಿನ ಸುಮಾರು. ಕೊಳವೆಗಳ ಉಕ್ಕಿನ ಚೌಕಟ್ಟಿನ ಮೇಲೆ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಹಲಗೆಗಳು. ಸಣ್ಣಪುಟ್ಟ ತಾಗುವಿಕೆಗೆ ಬಾಗಿ ಮತ್ತೆ ತಮ್ಮ ಆಕಾರಕ್ಕೆ ಮರಳುತ್ತಿದ್ದುವು. ಗಮನಿಸತಕ್ಕ ಸಂಗತಿಯೆಂದರೆ ಇಲ್ಲಿಯೂ ಉಕ್ಕನ್ನು ಒತ್ತುವ ದುಬಾರಿ ಅಚ್ಚುಗಳನ್ನು ಜಾಣತನದಿಂದ ತಪ್ಪಿಸಲಾಗಿದೆ. ಬಾದಲಿನ ಸೂತ್ರವೇ ಇನ್ನಷ್ಟು ಸಂಸ್ಕಾರ ಪಡೆದು ಇಲ್ಲಿ ಮರಳಿತು: ಸಾವಿರಗಳಲ್ಲಿ ತಯಾರಿಸಲು ಅನುಕೂಲ, ಲಕ್ಷಗಳಲ್ಲಿ ತಯಾರಿಸಿ ಅಗ್ಗಗೊಳಿಸಲು ಅನುಕೂಲವಲ್ಲ.

ಈ ಕಾರಿಗೆ ಸ್ವದೇಶಕ್ಕಿಂತ ಪರದೇಶದಲ್ಲಿ ಹೆಚ್ಚು ಮಾತು ಹುಟ್ಟಿತು. ಲಂಡನ್ ನಗರದೊಳಕ್ಕೆ ಬರುವ ವಾಹನಗಳ ಮೇಲೆ 2003 ರಲ್ಲಿ ದಟ್ಟಣೆಯ ಸುಂಕವನ್ನು ಹೇರಿದಾಗ ವಿದ್ಯುತ್ತಿನ ವಾಹನಗಳಿಗೆ ವಿನಾಯಿತಿಯಿತ್ತು. ‘ಜಿ-ವಿಜ್’ ಎಂಬ ಹೆಸರಿನಲ್ಲಿ ರೇವಾ ಅಲ್ಲಿ ಪ್ರಸಿದ್ಧವಾಯಿತು. ಅಲ್ಲಿಯ ಕಾನೂನು ಅದನ್ನು ಕಾರೆಂದು ಪರಿಗಣಿಸದೆ ಲಘು ನಾಲ್ಚಕ್ರವೆಂದು ಪರಿಗಣಿಸಿದ್ದುದರಿಂದ ಕಾರುಗಳಿಗಿರುವ ಅಪಘಾತದ ಪರೀಕ್ಷೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. 2007 ರಲ್ಲಿ ಅಲ್ಲಿಯ ಪತ್ರಿಕೆಯೊಂದು ಸ್ವತಃ ಪರೀಕ್ಷೆ ಮಾಡಿಸಿ ಅದರ ದೌರ್ಬಲ್ಯವನ್ನು ಬಯಲಿಗೆಳೆದಾಗ ದೊಡ್ಡ ಚರ್ಚೆಯೇ ನಡೆಯಿತು. ಕಂಪನಿಯು ಚೌಕಟ್ಟನ್ನು ಬಲಪಡಿಸಿತು, ಮೋಟಾರನ್ನು ಸುಧಾರಿಸಿತು, ಲಿಥಿಯಮ್ ಬ್ಯಾಟರಿಯ ರೂಪವನ್ನೂ ತಂದಿತು. ಹಾಗಿದ್ದೂ ಇಪ್ಪತ್ತಕ್ಕೂ ಮಿಕ್ಕ ದೇಶಗಳಲ್ಲಿ, ಹತ್ತು ವರ್ಷಗಳ ಕಾಲದಲ್ಲಿ, ಒಟ್ಟು ಮಾರಾಟವಾದುದು ನಾಲ್ಕು ಸಾವಿರದ ಆಸುಪಾಸು. 2010 ರಲ್ಲಿ ಮಹೀಂದ್ರ ಸಂಸ್ಥೆಯು ಶೇಕಡಾ 55 ರಷ್ಟು ಪಾಲನ್ನು ಕೊಂಡಿತು. 2012 ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರುಗಳ ಸಾಮರ್ಥ್ಯದ ಕಾರ್ಖಾನೆ ತೆರೆಯಿತು. 2013 ರಲ್ಲಿ ‘ಇ2ಒ’ ಹೊರಬಂದಿತು. ಕಾರ್ಖಾನೆಗೆ ಸಾಮರ್ಥ್ಯವಿತ್ತು, ಕಾರಿಗೆ ಗುಣವಿತ್ತು. ಬ್ಯಾಟರಿಯ ಬೆಲೆಯಿಂದಾಗಿ ಅದು ಪೆಟ್ರೋಲಿನ ಚಿಕ್ಕ ಕಾರಿಗಿಂತ ದುಬಾರಿಯಾಗಿ, ಮಧ್ಯಮವರ್ಗದವನು ದೂರದಿಂದಲೇ ಮೆಚ್ಚಿ ಮುಂದೆ ನಡೆದನು.

ರೇವಾ ಸಂಖ್ಯೆಯ ಸೂತ್ರದಲ್ಲಿ ಸೋತರೆ, ಸಂಖ್ಯೆಯನ್ನೇ ನಂಬಿ ಹೊರಟ ಇನ್ನೊಂದು ಕಾರು ಬಳಸುವವನನ್ನು ಅರಿಯುವ ಸೂತ್ರದಲ್ಲಿ ಸೋತಿತು. ಅದು ಟಾಟಾ ನ್ಯಾನೊ. ಸ್ಕೂಟರಿನ ಮೇಲೆ ಮಳೆಯಲ್ಲಿ ನೆನೆಯುತ್ತ ಹೋಗುತ್ತಿದ್ದ ಸಂಸಾರವನ್ನು ಕಂಡು ರತನ್ ಟಾಟಾ ಅವರಿಗೆ ಹೊಳೆದ ಒಂದು ಲಕ್ಷ ರೂಪಾಯಿಯ ಕಾರು 2008 ರ ಜನವರಿ 10 ರಂದು ದೆಹಲಿಯಲ್ಲಿ ಪ್ರಕಟವಾಯಿತು. ಸಿಂಗೂರಿನ ಭೂಮಿಯ ವಿವಾದದಿಂದ ಕಾರ್ಖಾನೆಯು ಬಂಗಾಳವನ್ನು ಬಿಡಬೇಕಾಗಿ ಬಂದಾಗ ಕರ್ನಾಟಕ ಸರ್ಕಾರವು ಧಾರವಾಡದ ಬಳಿ ಭೂಮಿ ಕೊಡುವುದಾಗಿ ಮುಂದೆ ಬಂದಿತು. ಉತ್ತರ ಕರ್ನಾಟಕದ ಜನ ಕೆಲವು ದಿನ ಆ ಆಸೆಯಲ್ಲಿದ್ದರು. ಆದರೆ 2008 ರ ಅಕ್ಟೋಬರಿನಲ್ಲಿ ಅದು ಗುಜರಾತಿನ ಸಾನಂದಕ್ಕೆ ಹೋಯಿತು. ಧಾರವಾಡಕ್ಕೆ ಉಳಿದುದು ಟಾಟಾ ಮಾರ್ಕೊಪೋಲೊ ಬಸ್ಸುಗಳ ಕಾರ್ಖಾನೆ. ಸಾನಂದದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಕಾರುಗಳನ್ನು ಮಾಡುವ ಯಂತ್ರಗಳು ಸಜ್ಜಾದುವು. ಕೊಳ್ಳುವವರು ಅದರ ಮೂರನೆಯ ಒಂದು ಭಾಗದಷ್ಟೂ ಬರಲಿಲ್ಲ. ಹತ್ತು ವರ್ಷ ತುಂಬುವಷ್ಟರಲ್ಲಿ ತಯಾರಿಕೆ ನಿಂತಿತು. ‘ಅತ್ಯಂತ ಅಗ್ಗದ ಕಾರು’ ಎಂಬ ಬಿರುದೇ ಅದಕ್ಕೆ ಮುಳುವಾಯಿತೆಂದು ಹಲವರು ಹೇಳುವುದು ನಿಜವೇ. ಸಾಲ ಮಾಡಿ ಕಾರು ಕೊಳ್ಳುವ ಬಡವನು ತನ್ನ ಬಡತನದ ಸಾಕ್ಷಿಪತ್ರವನ್ನು ಮನೆಯ ಮುಂದೆ ನಿಲ್ಲಿಸಿಕೊಳ್ಳಲು ಒಪ್ಪುವುದಿಲ್ಲ.

ಆದರೆ ಅದಕ್ಕಿಂತ ಆಳವಾದ ಒಂದು ಕಾರಣ ನರೋಣಾದ ಬಸ್ ನಿಲ್ದಾಣದ ಬಳಿ ನಿಂತರೆ ತಿಳಿಯುತ್ತದೆ. ಈ ಸೀಮೆಯಲ್ಲಿ ಬಸ್ಸು ಬಾರದ ಹೊತ್ತಿನ ಸಂಚಾರವೆಲ್ಲವೂ ನಡೆಯುವುದು ಟಂಟಂ, ಜೀಪು, ಕ್ರೂಸರುಗಳ ಮೇಲೆ. ಗಾಣಗಾಪುರದ ದತ್ತಸನ್ನಿಧಿಗೆ ರೈಲು ನಿಲ್ದಾಣದಿಂದ ಬರುವ ಭಕ್ತರೂ ಆಳಂದದ ದರ್ಗಾದ ಉರುಸಿಗೆ ಬರುವವರೂ ಹತ್ತುವುದು ಇವನ್ನೇ. ಇಲ್ಲಿ ವಾಹನವೆಂದರೆ ಸಂಸಾರದ ನಾಲ್ವರನ್ನು ಮಾತ್ರ ಕೂಡಿಸಿಕೊಂಡು ಬಾಗಿಲು ಮುಚ್ಚಿಕೊಳ್ಳುವ ಪೆಟ್ಟಿಗೆಯಲ್ಲ. ಬೆಳಿಗ್ಗೆ ಜನ, ಮಧ್ಯಾಹ್ನ ತೊಗರಿಯ ಚೀಲ, ಸಂಜೆ ಹೆರಿಗೆಯ ನೋವಿನ ಹೆಣ್ಣುಮಗಳು, ಹೀಗೆ ಹೊತ್ತಿಗೊಂದು ಹೊರೆಯನ್ನು ಹೊತ್ತು ತನ್ನ ಕಂತನ್ನು ತಾನೇ ದುಡಿದು ತೀರಿಸಬೇಕಾದ ಆಳು. ಬಾದಲಿನ ಕಾಲದಿಂದ ನ್ಯಾನೊದವರೆಗೆ ಚಿಕ್ಕ ಕಾರಿನ ನಕ್ಷೆಗಾರರೆಲ್ಲರ ಕಣ್ಣ ಮುಂದೆ ಇದ್ದುದು ಕಚೇರಿಗೆ ಹೋಗುವ ನಗರವಾಸಿ. ಬೂಲಾಂಜೆಯು ಉತ್ತ ಹೊಲವನ್ನು ನೋಡಿ ಬರೆದಂತೆ ನಮ್ಮಲ್ಲಿ ಯಾರೂ ಎರೆಯ ಹೊಲವನ್ನು ನೋಡಿ ನಕ್ಷೆ ಬರೆಯಲಿಲ್ಲ. 2005 ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ಸರಕುಗಾಡಿಯು ಹಳ್ಳಿಗಳಲ್ಲಿ ಕಂಡ ಯಶಸ್ಸನ್ನು ಅದೇ ಕಂಪನಿಯ ನ್ಯಾನೊ ಕಾಣದೆ ಹೋದುದರ ರಹಸ್ಯವೂ ಇದೇ: ಏಸ್ ದುಡಿಯಿತು, ನ್ಯಾನೊ ದುಡಿಯಲಿಲ್ಲ.

ಹಾಗಾದರೆ ಬೆಂಗಳೂರಿನ ಪ್ರಯತ್ನಗಳು ವ್ಯರ್ಥವಾದುವೇ? ಹಾಗೆನ್ನುವುದು ಅವಿಚಾರ. ರೇವಾ ಕಟ್ಟಿದ ಎಂಜಿನಿಯರರ ಬಳಗವು ಮಹೀಂದ್ರದ ಕೈಕೆಳಗೆ ಬೆಳೆದು, 2018 ರಲ್ಲಿ ಲಿಥಿಯಮ್ ಬ್ಯಾಟರಿಯ ‘ಟ್ರಿಯೊ’ ಎಂಬ ಮೂರು ಚಕ್ರದ ವಿದ್ಯುತ್ ಆಟೋವನ್ನು ಹೊರತಂದಿತು. ಚೇತನ್ ಮೈನಿಯವರು ಬ್ಯಾಟರಿಯನ್ನೇ ಬದಲಾಯಿಸಿಕೊಳ್ಳುವ ವ್ಯವಸ್ಥೆಯ ಕಡೆಗೆ ತಿರುಗಿದರು. ಕಾರಾಗಿ ಶ್ರೀಮಂತರ ಎರಡನೆಯ ವಾಹನವಾಗಿದ್ದ ವಿದ್ಯೆಯು ಆಟೋ ಆಗಿ ದುಡಿಯುವವನ ಮೊದಲನೆಯ ವಾಹನವಾಯಿತು. ದಿನವೂ ನೂರು ಕಿಲೋಮೀಟರು ಓಡುವವನಿಗೆ ಪೆಟ್ರೋಲು ಡೀಸೆಲಿನ ಉಳಿತಾಯವೇ ಬ್ಯಾಟರಿಯ ಬೆಲೆಯನ್ನು ತೀರಿಸುತ್ತದೆ. ವಾರಕ್ಕೊಮ್ಮೆ ಓಡಿಸುವವನಿಗೆ ಎಂದೂ ತೀರಿಸದು. ಅಗ್ಗವೆಂಬುದು ಕೊಳ್ಳುವ ಬೆಲೆಯಲ್ಲಿ ಮಾತ್ರ ಇರುವುದಲ್ಲ, ಬಳಕೆಯ ರೀತಿಯಲ್ಲಿಯೂ ಇರುತ್ತದೆಂಬ ಮೂರನೆಯ ಸೂತ್ರವನ್ನು ನಾವು ಕಲಿತುದು ಈ ಸೋಲುಗಳಿಂದಲೇ.

ಕಲಬುರಗಿಯಲ್ಲಿ 1958 ರಿಂದ ದೊಡ್ಡಪ್ಪ ಅಪ್ಪ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಇದೆ. ಯಂತ್ರಶಾಸ್ತ್ರವನ್ನು ಕಲಿತ ತಲೆಮಾರುಗಳು ಅಲ್ಲಿಂದ ಹೊರಬಂದು ಪುಣೆಗೂ ಬೆಂಗಳೂರಿಗೂ ಹೋಗಿ ಪರರ ನಕ್ಷೆಗಳನ್ನು ತಿದ್ದುತ್ತಿವೆ. ಅಲ್ಲಿ ಈಗ ಓದುತ್ತಿರುವ ತರುಣರಿಗೆ ಈ ಲೇಖಕನ ವಿಜ್ಞಾಪನೆ ಇಷ್ಟೆ. ಆರು ಜನರನ್ನಾಗಲಿ ಆರು ಚೀಲ ತೊಗರಿಯನ್ನಾಗಲಿ ಹೊತ್ತು, ಶ್ರಾವಣದ ಎರೆಯಲ್ಲಿ ಹೂತುಹೋಗದೆ ನರೋಣಾದಿಂದ ಕಲಬುರಗಿಗೆ ಹೋಗಿ ಮರಳಿ ಬರಬಲ್ಲ, ಮನೆಯ ವಿದ್ಯುತ್ತಿನಿಂದಲೇ ರಾತ್ರಿ ಶಕ್ತಿ ತುಂಬಿಕೊಳ್ಳಬಲ್ಲ ಒಂದು ಬಂಡಿಗೆ ನಕ್ಷೆ ಬರೆಯಿರಿ. ಅದನ್ನು ಲಕ್ಷಗಟ್ಟಲೆ ತಯಾರಿಸುವ ಬಂಡವಾಳವನ್ನು ಒದಗಿಸುವುದು ಸರ್ಕಾರದ ಮತ್ತು ಉದ್ಯಮಿಗಳ ಧರ್ಮ. ಯಾರಿಗಾಗಿ ತಯಾರಿಸಬೇಕೆಂಬುದನ್ನು ಅವರಿಗೆ ತಿಳಿಸುವುದು ಈ ನೆಲದಲ್ಲಿ ಹುಟ್ಟಿದ ನಿಮ್ಮ ಧರ್ಮ. ಆ ಎರಡು ಧರ್ಮಗಳೂ ಕೂಡಿ ನಡೆಯದಿದ್ದ ಕಾರಣದಿಂದಲೇ ಕನ್ನಡನಾಡಿನ ಚಿಕ್ಕ ಕಾರು ಇದುವರೆಗೆ ಅಪೂರ್ಣವಾಗಿ ಉಳಿದಿದೆ.